ಉಡಚವ್ವನ ಬಿಚ್ಚದ ಗಂಟು

೫ ಫೆಬ್ರುವರಿ ೧೯೫೬, ರವಿವಾರ. ಗದಗ

ಎಲೈ ನೆರೆದ ಮಹಾಜನರೇ! ಮುಂದಿನ ಚಾಪೆಯ ಹಿರಿಯರೇ, ಹಿಂದಿನ ಬೆಂಚಿನ ಸಿಳ್ಳೆಯ ಸರದಾರರೇ, ಬಲಗಡೆ ಪರದೆಯಾಚೆ ಕುಳಿತು ಶೇಂಗಾ ಸುಲಿಯುತ್ತಿರುವ ತಾಯಂದಿರೇ! ಬಾಯಿ ಮುಚ್ಚಿರಿ, ಕಿವಿ ತೆರೆಯಿರಿ. ನಾಕಾ ಕಾರಕೂನ ಹುಚ್ಚೀರಪ್ಪ ಮಾತಾಡುತ್ತಿದ್ದಾನೆ!

ಯಾರೂ ಇಲ್ಲ. ನೂರು ಪುಟದ ಈ ವಹಿ, ಒಂದು ಮಸಿಕುಡಿಕೆ, ಗೋಡೆಯ ಮೇಲೊಂದು ಹಲ್ಲಿ. ಸಾವಿರ ಮಂದಿಯೆದುರು ಗುಡುಗಿ ರೂಢಿಯಾದವನಿಗೆ ಬಾಯಿ ಮುಚ್ಚಿ ಬರೆಯಲು ಬರುವುದಿಲ್ಲ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಅನ್ನುತ್ತೇನೆ. ಅಡಿಗೆಮನೆಯಿಂದ ನನ್ನ ಹೆಂಡತಿ ನೀಲಗಂಗವ್ವ ಕೂಗಿದಳು.

"ಯಾರ ಜೋಡಿ ಮಾತಾಡಾಕತ್ತೀರಿ?"

"ಸಭಾದ ಜೋಡಿ."

"ಸಭಾಕ್ಕ ಎಷ್ಟ ಕಪ್ಪ ಚಾ ಇಡ್ಲಿ?"

ಸಂಗತಿ ಇಷ್ಟು. ನಮ್ಮ ನಾಟಕ ಮಂಡಳಿಯ ಮಾಲಕರು ಅಂದಪ್ಪನವರು ಇಂದು ಎಲ್ಲರನ್ನೂ ರಂಗದ ಮೇಲೆ ಕೂಡಿಸಿ, ಮುಂದಿನ ತಿಂಗಳ ಶಿರಹಟ್ಟಿ ಮುಕ್ಕಾಮಿನ ನಂತರ ಉಡಚವ್ವನ ಆಟ ಕಾಯಂ ಬಂದ್ ಎಂದು ಸಾರಿದರು. ಹತ್ತೊಂಬತ್ತು ವರ್ಷ! ಹನ್ನೊಂದು ನಾಟಕ! 'ಉಡಚವ್ವ ಲಕ್ಷ್ಮೇಶ್ವರಕ್ಕೆ ಹೊಂಟಳು' ಎಂಬಲ್ಲಿಂದ ಹಿಡಿದು 'ಉಡಚವ್ವನ ಎಮ್ಮೆಗೆ ಪಾಸು ಬೇಕು' ಎಂಬಲ್ಲಿಯ ತನಕ. ಹನ್ನೊಂದರಲ್ಲೂ ನಡೆಯುವುದು ಒಂದೇ. ಗದಗು ಇಂಗ್ರಜಿಯವರದು, ಶಿರಹಟ್ಟಿ ಸಾಂಗ್ಲಿಯವರದು, ಲಕ್ಷ್ಮೇಶ್ವರ ಮಿರಜಿನವರದು, ಮುಂಡರಗಿ ದಾಟಿದರೆ ನಿಜಾಮನದು. ಎಲ್ಲಿ ನೋಡಿದಲ್ಲಿ ಗಡಿ, ಗಡಿಗೊಂದು ಸುಂಕದ ನಾಕಾ, ನಾಕಾಕ್ಕೊಂದು ಅಡ್ಡಗೋಲು, ಅಡ್ಡಗೋಲಿಗೊಬ್ಬ ಕಾರಕೂನ. ಅವನು ನಾನು. ಖಾಕಿ ಕೋಟು, ನಿಂಬೆಹಣ್ಣು ನಿಲ್ಲುವಂಥ ಮೀಸೆ. ಉಡಚವ್ವ ಎಂಬ ಮುದುಕಿ ಕಂಕುಳಲ್ಲಿ ಗಂಟು ಇರುಕಿಕೊಂಡು ಬರುತ್ತಾಳೆ. ನಾನು ಕೇಳುತ್ತೇನೆ:

"ಗಂಟಿನಾಗ ಏನೈತಿ?"

ಅವಳು ಅನ್ನುತ್ತಾಳೆ: "ನಿಮ್ಮ ಸಂಸ್ಥಾನದಾಗ ಇಲ್ಲದ್ದೈತ್ರೀ ಸಾಹೇಬ್ರ."

ಅಲ್ಲಿಂದ ಮೂರು ತಾಸು. ಕೊನೆಗೆ ಅವಳು ಅಡ್ಡಗೋಲು ದಾಟಿರುತ್ತಾಳೆ, ನನ್ನ ತಲೆಯ ಮೇಲೆ ಟೊಪ್ಪಿಗೆ ಇರುವುದಿಲ್ಲ, ಗಂಟು ಮಾತ್ರ ಬಿಚ್ಚಿರುವುದಿಲ್ಲ.

ಉಡಚವ್ವನ ಪಾತ್ರ ಮಾಡುವವನು ಬೆಟಗೇರಿಯ ನೇಕಾರ ಗಾಳೆಪ್ಪ. ಒಳ್ಳೆಯ ಪಾತ್ರಧಾರಿಯೇ. ಆದರೆ ಈ ವಹಿಗೆ ಸುಳ್ಳು ಹೇಳಬಾರದು: ಜನ ನಗುವುದು ನನ್ನ ಮೀಸೆಗೆ.

ಸಂಸ್ಥಾನಗಳು ವಿಲೀನವಾದಾಗ ನಾವು ನಾಕಾವನ್ನು ನಿಜಾಮನ ಗಡಿಗೆ ಸಾಗಿಸಿದೆವು. ನಿಜಾಮನೂ ಹೋದ. ಈ ವರ್ಷ ಕನ್ನಡ ನಾಡೆಲ್ಲ ಒಂದಾಗುವುದಂತೆ. "ಗಡೀನ ಇಲ್ಲಂದ್ರ ನಾಕಾ ಎಲ್ಲಿ ಇಡೂಣು, ನನ್ನ ತಲೀ ಮ್ಯಾಲ?" ಎಂದರು ಅಂದಪ್ಪನವರು.

ಸ್ವಾತಂತ್ರ್ಯ ಎಲ್ಲರಿಗೂ ಏನೋ ಕೊಟ್ಟಿತು. ನನ್ನಿಂದ ಒಂದು ಅಡ್ಡಗೋಲು ಕಸಿಯಿತು.

೨೭ ಫೆಬ್ರುವರಿ, ಸೋಮವಾರ

ಮಹಾಜನರೇ, ಡಂಗುರ ಬಾರಿಸಿರಿ! ಹುಚ್ಚೀರಪ್ಪ ಸಿನೇಮಾಕ್ಕೆ!

ಅಂದಪ್ಪನವರು ಒಬ್ಬನನ್ನೇ ಕರೆದು, ಬಾಗಿಲು ಹಾಕಿ ಹೇಳಿದರು. ಕೊಲ್ಹಾಪುರದ ಸ್ಟುಡಿಯೋದವರೊಬ್ಬರು ಉಡಚವ್ವನ ಕಟ್ಟಕಡೆಯ ಆಟವನ್ನು ಸಿನೇಮಾ ತೆಗೆಯುತ್ತಾರೆ. ನಾಡು ಒಂದಾಗುವ ಹೊತ್ತಿಗೆ ಊರೂರಲ್ಲಿ ಓಡಿಸುತ್ತಾರೆ.

"ನಾನೂ ಗಾಳ್ಯಾನೂ ಯಾವಾಗ ಹೊರಡಬೇಕ್ರಿ?" ಎಂದೆ.

ಅಂದಪ್ಪನವರು ಅಡಕತ್ತರಿ ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಲಿಲ್ಲ. "ನೀ ಒಬ್ಬನ. ಉಡಚವ್ವನ ಪಾತ್ರಕ್ಕ ಅವರದ ಒಬ್ಬಾಕಿ ನಟಿ ಬಾಯಿ ಇದ್ದಾಳಂತ. ಕ್ಯಾಮೆರಾಕ್ಕ ಗಾಳೆಪ್ಪನ ಗಡ್ಡದ ಹಸರು ಕಾಣತೈತಂತ. ಗಂಡಸರು ಸೀರಿ ಉಟ್ಟ ಸಿನೇಮಾ ಈಗ ಯಾರ ನೋಡ್ತಾರ?"

ನಾನು ತಕ್ಷಣ ಒಪ್ಪಲಿಲ್ಲ. ಎಲೆ ತೆಗೆದುಕೊಂಡೆ, ಸುಣ್ಣ ಹಚ್ಚಿದೆ, ಅಡಿಕೆ ಕತ್ತರಿಸಿದೆ, ಮಡಿಸಿ ಬಾಯಿಗಿಟ್ಟೆ. ಆಮೇಲೆ ಒಪ್ಪಿದೆ.

೧೭ ಮಾರ್ಚ್, ಶನಿವಾರ. ಶಿರಹಟ್ಟಿ

ನಿನ್ನೆ ಕೊನೆಯ ಆಟ. ಡೇರೆಯ ಬಟ್ಟೆ ಎತ್ತಿ ನಿಲ್ಲಿಸಿದರೂ ಜನ ಹಿಡಿಸಲಿಲ್ಲ. ಬೇವಿನ ಮರದ ಮೇಲೆಯೂ ಇದ್ದರು.

"ಗಂಟಿನಾಗ ಏನೈತಿ?" ಎಂದೆ. ಗಾಳೆಪ್ಪ ಎಂದಿನಂತೆ ಕೂಡಲೇ ಉತ್ತರ ಕೊಡಲಿಲ್ಲ. ಗಂಟನ್ನು ಬಲ ಕಂಕುಳಿಂದ ಎಡ ಕಂಕುಳಿಗೆ ದಾಟಿಸಿದ. ಒಂದು ಬದಿ ನಕ್ಕಿತು. ಎಡದಿಂದ ಬಲಕ್ಕೆ ದಾಟಿಸಿದ. ಇನ್ನೊಂದು ಬದಿ ನಕ್ಕಿತು. ಆಮೇಲೆ ಗಂಟಿಗೆ ಕಿವಿ ಹಚ್ಚಿ ಏನೋ ಕೇಳಿಸಿಕೊಂಡು, 'ಹೇಳಲೇನು?' ಎಂಬಂತೆ ಅದನ್ನೇ ನೋಡಿದ. ಆಗ ನಗೆ ಬೇವಿನ ಮರ ಏರಿತು. ಒಬ್ಬ ಕೆಳಗೆ ಬಿದ್ದ. ನಾನು ಅಷ್ಟೂ ಹೊತ್ತು ಮೀಸೆ ತಿರುವುತ್ತ ನಿಂತಿದ್ದೆ. ನಿಲ್ಲುವುದು ಕಠಿಣ ಕೆಲಸ, ಅದನ್ನು ಯಾರೂ ಹೊಗಳುವುದಿಲ್ಲ.

ಆ ಗಂಟು ಅವನೇ ಕಟ್ಟುತ್ತಾನೆ, ಬಣ್ಣದ ಕೋಣೆಯ ಮೂಲೆಗೆ ಮುಖ ಮಾಡಿ, ಆಟಕ್ಕೊಂದು ಹೊಸದು. ಯಾರಿಗೂ ತೋರಿಸಿಲ್ಲ, ನನಗೂ. ಒಮ್ಮೆ ಅದರೊಳಗಿಂದ ಹಸಿ ಮೆಂತೆಪಲ್ಯದ ವಾಸನೆ ಬಂದಿತ್ತು. ಒಮ್ಮೆ ಅಲಾರಾಂ ಬಾರಿಸಿತ್ತು. ಮುಂಡರಗಿಯಲ್ಲಿ 'ಮ್ಯಾಂವ್' ಅಂದಿತ್ತು. ಆ ದಿನ ನಾನು ಬೆಚ್ಚಿ ಹಿಂದಕ್ಕೆ ಬಿದ್ದದ್ದು ನಟನೆ ಅಲ್ಲ.

ಪರದೆ ಬಿದ್ದ ಮೇಲೆ, ಬಣ್ಣ ಒರೆಸಿಕೊಳ್ಳುತ್ತ ಕೇಳಿದೆ: "ಈಗರೆ ಹೇಳಲೇ ಗಾಳ್ಯಾ. ಒಳಗ ಏನಿತ್ತು?"

"ಹೇಳಿದ್ರ ನಾಳೆ ಹೆಂಗ ಕೇಳ್ತಿ?"

"ನಾಳೆ ಆಟ ಎಲ್ಲೈತೋ, ಹುಚ್ಚಾ?"

ಅವನು ಗಂಟು ಎತ್ತಿಕೊಂಡ. "ಇರ್ಲಿ ಬಿಡು" ಎಂದ. ಸೀರೆ ಬಿಚ್ಚದೆ ಹಾಗೇ ನಡೆದುಬಿಟ್ಟ.

ಅಡ್ಡಗೋಲನ್ನು ಅಂದಪ್ಪನವರು ನನಗೆ ನೆನಪಿನ ಕಾಣಿಕೆ ಎಂದು ಕೊಟ್ಟರು. ಕೆಂಪು ಬಿಳಿ ಪಟ್ಟೆ, ಎಂಟು ಮೊಳ. ಸಿನೇಮಾದ ಸುದ್ದಿ ಗಾಳೆಪ್ಪನಿಗೆ ಹೇಳುವುದು ಬಾಕಿ ಇದೆ. ನಾಳೆ ಹೇಳಿದರಾಯಿತು.

೨೫ ಮಾರ್ಚ್, ರವಿವಾರ. ಗದಗ

ಹೇಳಿದೆ. ಆದರೆ ಬೇರೆ ಹೇಳಿದೆ. ಗಾಳೆಪ್ಪ ತಾನಾಗಿ ಮನೆಗೆ ಬಂದಿದ್ದ.

"ಕೊಲ್ಹಾಪುರಕ್ಕ ಹೊಂಟಿಯಂತಲ್ಲೋ ಹುಚ್ಚೀರ್ಯಾ. ಯಾಕ?"

ಬಾಯಿ ತೆರೆದೆ. ಸತ್ಯ ಹೊರಗೆ ಬರುವ ದಾರಿಯಲ್ಲಿ ದವಡೆಗೆ ಎಡವಿತು. "ಹಲ್ಲು" ಎಂದುಬಿಟ್ಟೆ. "ದವಡಿ ಹಲ್ಲು. ಅಲ್ಲಿ ದೊಡ್ಡ ಡಾಕ್ಟರ ಅದಾನಂತ."

"ಗದಗಿನಾಗ ಹಲ್ಲು ಕೀಳಾವ್ರು ಸತ್ತಾರೇನು?"

"ಕೀಳಾವ್ರು ಅದಾರ. ಉಳಸಾವ್ರು ಇಲ್ಲ."

"ಎಷ್ಟ ದಿನ?"

"ಎರಡ ತಿಂಗಳು."

"ಒಂದ ಹಲ್ಲಿಗೆ ಎರಡ ತಿಂಗಳು? ಅದರ ಬೇರು ಸಾಂಗ್ಲೀತನಕ ಹೋಗೇತೇನಲೇ?"

ಒಲೆಯ ಮುಂದಿದ್ದ ನೀಲಗಂಗವ್ವ ಕೆಮ್ಮಿದಳು. ಅದು ಹೊಗೆಯ ಕೆಮ್ಮಲ್ಲ. ಅವನು ಹೋದ ಮೇಲೆ ಅಂದಳು: "ಗೆಳ್ಯಾಗ ಸುಳ್ಳ ಹೇಳಿದ್ರೆಲಾ. ಈಗ ಹಲ್ಲರೆ ನೋಯಿಸ್ಕೊಳ್ರಿ. ಅರ್ಧಾ ಪಾಪ ಕಡಿಮಿ ಆಗತೈತಿ."

ಹೆಂಗಸರಿಗೆ ಕಲೆಯ ಕಷ್ಟ ತಿಳಿಯುವುದಿಲ್ಲ. ಸಿನೇಮಾ ಮುಗಿದ ಮೇಲೆ ನಾನೇ ಬೆಟಗೇರಿಗೆ ಹೋಗಿ, ಎದುರು ಕೂತು, ತಿಳಿಸಿ ಹೇಳುತ್ತೇನೆ. ಆಗ ಅವನೇ ನಗುತ್ತಾನೆ.

೩೧ ಮಾರ್ಚ್, ಶನಿವಾರ. ಗದಗ ಸ್ಟೇಶನ್

ಗಾಡಿ ಬಿಡಲು ಇನ್ನೂ ಹೊತ್ತಿದೆ. ಗಾಳೆಪ್ಪ ಬೀಳ್ಕೊಡಲು ಬಂದಿದ್ದ. ಕಂಕುಳಲ್ಲಿ ಗಂಟು! ನನ್ನ ಬಾಯಿ ನನ್ನನ್ನು ಕೇಳದೆ ಗುಡುಗಿತು: "ಗಂಟಿನಾಗ ಏನೈತಿ?"

ಪ್ಲಾಟ್‌ಫಾರ್ಮಿನ ಮಂದಿ ಗೊಳ್ಳೆಂದು ನಕ್ಕರು. ಒಬ್ಬ ಹಮಾಲ ತಲೆಯ ಮೇಲಿನ ಟ್ರಂಕು ಇಳಿಸಿಯೇ ನಕ್ಕ. ಗಾಳೆಪ್ಪ ಮಾತ್ರ ಪಾತ್ರಕ್ಕೆ ಇಳಿಯಲಿಲ್ಲ. ಗಂಟು ನನ್ನ ಕೈಗಿಟ್ಟ.

"ಮಾದಲಿ ಐತಿ. ದೇವವ್ವ ಮಾಡಿ ಕೊಟ್ಟಾಳ. ಹಲ್ಲಿಗೆ ತ್ರಾಸ ಇಲ್ಲ, ಹಾಲಾಗ ಕಲಿಸಿ ನುಂಗಿಬಿಡು. ಸಣ್ಣ ಶೀಶೇದಾಗ ಲವಂಗದೆಣ್ಣಿ ಐತಿ. ಹತ್ತಿಗೆ ಹಚ್ಚಿ ದವಡಿಗೆ ಇಟ್ಕೋ. ಕೈ ತೊಳಕೋ ಮತ್ತ, ಕಣ್ಣಿಗೆ ಮುಟ್ಟಿದ್ರ ಉರಿತೈತಿ."

ದೇವವ್ವ ಅವನ ಹೆಂಡತಿ. ಹತ್ತೊಂಬತ್ತು ವರ್ಷದಲ್ಲಿ ಅವನು ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿದ ಮೊದಲ ಗಂಟು ಇದು.

ಗಾಡಿ ಬಂತು. ಬರೆಯುವುದು ಸಾಕು.

೪ ಏಪ್ರಿಲ್, ಬುಧವಾರ. ಕೊಲ್ಹಾಪುರ

ಮಹಾಜನರೇ, ಇಲ್ಲಿ ಮಹಾಜನರೇ ಇಲ್ಲ! ಒಂದು ಪೆಟ್ಟಿಗೆ, ಅದರ ಹಿಂದೆ ಒಂದು ಕಣ್ಣು, ಏಣಿಯ ಮೇಲೆ ದೀಪ ಹಿಡಿದ ಒಬ್ಬ. ಅವನಿಗೆ ಕನ್ನಡ ಬರುವುದಿಲ್ಲ.

ನನ್ನ ಮಾತು ಹೇಳಿದೆ. ಅಲ್ಲಿ ನಗೆ ಬರಬೇಕು, ಆದ್ದರಿಂದ ನಿಂತೆ. ನಿಂತೇ ಇದ್ದೆ. ದಿಗ್ದರ್ಶಕ ಸಾಹೇಬರು "ಥಾಂಬಾ!" ಎಂದು ಚೀರಿ ಕ್ಯಾಮೆರಾ ನಿಲ್ಲಿಸಿದರು. ಆಮೇಲೆ ತಮ್ಮ ಮರಾಠಿ ಸವರಿದ ಕನ್ನಡದಲ್ಲಿ ಕೇಳಿದರು:

"ಹುಚ್ಚೀರಪ್ಪರಾವ್, ಯಾಕ ನಿಂತ್ರಿ? ಮಾತು ಮರತ್ರಿ ಕಾಯ್?"

"ಇಲ್ರೀ ಸಾಹೇಬ್ರ. ನಗೂತನಕ ನಿಂತೆ."

"ಯಾರು ನಗೂದು?"

ನೋಡಿದೆ. ಏಣಿಯ ಮೇಲಿನವನು ಮೂಗು ಕೆರೆದುಕೊಳ್ಳುತ್ತಿದ್ದ.

೯ ಏಪ್ರಿಲ್, ಸೋಮವಾರ

ಇಂದೂ ನಿಂತೆ. ಇಂದೂ ಬೈದರು. ಕಾಲು ನನ್ನ ಮಾತು ಕೇಳುವುದಿಲ್ಲ. ಉಡಚವ್ವನ ಪಾತ್ರದ ಬಾಯಿಯವರು ಒಂದು ಮಾತು ಮುಗಿಸುತ್ತಾರೆ, ನಾನು ಎಮ್ಮೆಯ ಹಾಗೆ ನಿಲ್ಲುತ್ತೇನೆ, ಅವರು ಮುಂದಿನ ಮಾತಿಗೆ ನನ್ನ ದಾರಿ ಕಾಯುತ್ತಾರೆ. ಇಬ್ಬರೂ ಒಂದೇ ಚಿತ್ರದೊಳಗೆ ಇರುವುದರಿಂದ ನಡುವೆ ಕತ್ತರಿಸಲೂ ಬರುವುದಿಲ್ಲವಂತೆ. "ಹೋಗ್ಲಿ, ಇರ್ಲಿ ಹಂಗ" ಎಂದು ಸಾಹೇಬರು ಕೈಚೆಲ್ಲಿದರು.

ಬಾಯಿಯವರು ಒಳ್ಳೆಯವರು. ಕೇಳಿದರೆ ಉತ್ತರ ಕೊಡುತ್ತಾರೆ. ಅದೇ ತೊಂದರೆ, ಕೂಡಲೇ ಕೊಡುತ್ತಾರೆ. 'ನಿಮ್ಮ ಸಂಸ್ಥಾನದಾಗ ಇಲ್ಲದ್ದು' ಎಂಬ ಮಾತನ್ನೂ ತೆಗೆದುಹಾಕಿದ್ದಾರೆ. ಸಂಸ್ಥಾನಗಳೇ ಹೋದ ಮೇಲೆ ಅದು ಯಾರಿಗೆ ತಿಳಿಯುತ್ತದೆ ಎಂದು. ಈಗ ಉಡಚವ್ವ ಅನ್ನುತ್ತಾಳೆ: "ಏನೂ ಇಲ್ಲ ಸಾಹೇಬ, ಬಡವಳ ಬುತ್ತಿ." ಇಂಥ ಮಾತಿಗೆ ನಾನಾದರೆ ಅಡ್ಡಗೋಲು ಎತ್ತಿ, ಕೈಮುಗಿದು ಕಳಿಸಿಬಿಡುತ್ತೇನೆ. ಮೂರು ತಾಸು ಎಲ್ಲಿಂದ ತರುವುದು?

ಇನ್ನೊಂದು. ಗಂಟನ್ನು ನನ್ನ ಕಣ್ಣೆದುರೇ ಕಟ್ಟಿದರು. ಒಳಗೆ ಹಳೆಯ ಚಿಂದಿ. "ಗಂಟಿನಾಗ ಏನೈತಿ?" ಎಂದು ಗುಡುಗಬೇಕು, ಆದರೆ ನನಗೆ ಗೊತ್ತು, ಚಿಂದಿ ಇದೆ. ಗೊತ್ತಿದ್ದದ್ದನ್ನು ಕೇಳುವವನು ಕಾರಕೂನನಲ್ಲ, ಶಾಲಿ ಮಾಸ್ತರ.

೧೨ ಏಪ್ರಿಲ್

ಮಾದಲಿ ಮುಗಿಯಿತು. ದವಡೆ ಹಲ್ಲು ನೋಯುತ್ತಿದೆ. ಖರೆಖರೆ ನೋಯುತ್ತಿದೆ. ನೀಲಗಂಗವ್ವನ ನಾಲಿಗೆಯ ಮೇಲೆ ಮಚ್ಚೆ ಇರಬೇಕು.

೨೨ ಮೇ, ಮಂಗಳವಾರ

ಇಂದು ಕೊನೆಯ ದೃಶ್ಯ. ಗಡಿ ಅಳಿದಿದೆ. ಉಡಚವ್ವ ಕೊನೆಯ ಸಲ ನಾಕಾ ದಾಟಿ, ಹಿಂದಿರುಗಿ ನೋಡದೆ ಹೋಗುತ್ತಾಳೆ. ಕಾರಕೂನ ಅಡ್ಡಗೋಲನ್ನು ಮೊಳಕಾಲಿಗೆ ಹಚ್ಚಿ ಮುರಿದು ಅಳಬೇಕು.

ಅಳು ಬರಲಿಲ್ಲ. ನಾಲ್ಕು ಅಡ್ಡಗೋಲು ಮುರಿದೆ, ಮೊಳಕಾಲು ಬಾತಿತು, ಕಣ್ಣು ಬತ್ತಿದ ಬಾವಿ. ಐದನೆಯದರ ಮುಂಚೆ ಹಲ್ಲು ಝಳ್ ಎಂದಿತು. ಗಾಳೆಪ್ಪನ ಶೀಶೆ ತೆಗೆದು ಎಣ್ಣೆ ಹಚ್ಚಿಕೊಂಡೆ, ಅವಸರದಲ್ಲಿ ಕೈ ತೊಳೆಯಲಿಲ್ಲ, ಬೆವರು ಒರೆಸಿಕೊಳ್ಳಲು ಹೋಗಿ ಕಣ್ಣು ಮುಟ್ಟಿದೆ.

ತಾಯಿ! ಎರಡೂ ಕಣ್ಣಲ್ಲಿ ತುಂಗಭದ್ರೆ! ಸಿಂಗಟಾಲೂರಿನ ದಂಡೆ ಮುಳುಗಿತು! ಸಾಹೇಬರು "ವ್ಹಾ! ವ್ಹಾ!" ಎಂದು ಕುಣಿದರು. ಏಣಿಯ ಮೇಲಿನವನೂ ಕಣ್ಣು ಒರೆಸಿಕೊಂಡ. ಕೈ ತೊಳಕೋ ಎಂದು ಗಾಳೆಪ್ಪ ಹೇಳಿಯೇ ಇದ್ದ.

ಎಣ್ಣೆಯ ಉರಿ ಅರ್ಧ ತಾಸಿಗೆ ನಿಲ್ಲುತ್ತದೆ ಎಂದರು. ನನ್ನದು ಊಟದ ತನಕ ನಿಲ್ಲಲಿಲ್ಲ. ಎಣ್ಣೆ ಜೋರಿರಬೇಕು.

೧೦ ಜೂನ್, ರವಿವಾರ. ಗದಗ

ಗಾಳೆಪ್ಪ ಬಂದ. "ಆ ಮಾಡು" ಎಂದ. ಮಾಡಿದೆ. ಬಗ್ಗಿ ನೋಡಿದ.

"ಹಲ್ಲು ಇದ್ದಲ್ಲೇ ಐತಲ್ಲೋ."

"ಉಳಿಸಿದ್ರು."

"ಛಲೋ ಆತು" ಎಂದು ತಲೆಯಾಡಿಸಿದ. ಹೇಳಬೇಕೆಂದಿದ್ದೆ. ಆದರೆ ಬಾಯಿ ತೆರೆದೇ ಇತ್ತಲ್ಲ, ಮಾತಾಡಲು ಹೇಗೆ ಬರುತ್ತದೆ?

ಅವನು ಈಗ ಮಗ್ಗದ ಸೀರೆಗಳನ್ನು ಗಂಟು ಕಟ್ಟಿಕೊಂಡು ಗುರುವಾರಕ್ಕೊಮ್ಮೆ ಶಿರಹಟ್ಟಿಗೆ ಒಯ್ದು ಮಾರುತ್ತಾನೆ. "ಯಾರೂ ತಡಿಯೂದಿಲ್ಲಲೇ, ಬ್ಯಾಸರ ಬರತೈತಿ" ಎಂದ.

೨೦ ಸೆಪ್ಟೆಂಬರ್, ಗುರುವಾರ

ಆಗಬಾರದ್ದು ಆಯಿತು.

ಟೂರಿಂಗ್ ಟಾಕೀಸಿನ ಅಲ್ಲಾಉದ್ದೀನ ಊರ ತುಂಬ ನಮ್ಮ ಸಿನೇಮಾದ ಪೋಸ್ಟರು ಹಚ್ಚಿಸಿದ್ದಾನೆ. ನನ್ನ ಮೀಸೆ ಆಳುದ್ದ. ಬಾಜೂಕೆ ಬಾಯಿಯವರು. ನಿನ್ನೆ ಸಂಜೆ ತಿಳಿಯಿತು, ಒಂದನ್ನು ಗಾಳೆಪ್ಪನ ಮನೆಯ ಎದುರಿನ ಗೋಡೆಗೇ ಹಚ್ಚಿದ್ದಾರೆ ಎಂದು.

ಬೆಳಕು ಹರಿಯುವಾಗ ಎದ್ದು, ತಂಬಿಗೆಯಲ್ಲಿ ನೀರು ಹಿಡಿದು, ಹೊಲದ ಕಡೆ ಹೊರಟವನಂತೆ ಬೆಟಗೇರಿಗೆ ನಡೆದೆ. ಗೋಡೆಗೆ ನೀರು ಎರಚಿದೆ. ಉಗುರಿನಿಂದ ಕೆರೆಯತೊಡಗಿದೆ. ಅಂಟು ಎಂಥದೋ, ಬಾಯಿಯವರು ಪೂರ್ತಿ ಕಿತ್ತು ಬಂದರು, ನನ್ನ ಮುಖ ಬರಲೊಲ್ಲದು. ಮೀಸೆಯ ಒಂದು ತುದಿ ಹಿಡಿದು ಜಗ್ಗುತ್ತಿದ್ದೆ.

"ಹಲ್ಲು ಹೆಂಗೈತಿ?"

ತಿರುಗಿದೆ. ಗಾಳೆಪ್ಪ. ಹೆಗಲ ಮೇಲೆ ಸೀರೆಯ ಗಂಟು, ಶಿರಹಟ್ಟಿಯ ಮೊದಲ ಮೋಟಾರಿಗೆ ಹೊರಟಿದ್ದ. ಗೋಡೆಯ ಮೇಲಿನ ನನ್ನನ್ನು ನೋಡಿದ, ಗೋಡೆಯ ಕೆಳಗಿನ ನನ್ನನ್ನು ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಅವನ ಬೈಗುಳು ಲಕ್ಷ್ಮೇಶ್ವರದ ತನಕ ಪ್ರಸಿದ್ಧ. ಗಂಟನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ದಾಟಿಸಿ ಹೊರಟುಹೋದ.

ನನ್ನ ಕೈಯಲ್ಲಿ ಅರ್ಧ ಮೀಸೆ ಇತ್ತು.

೩ ಅಕ್ಟೋಬರ್, ಬುಧವಾರ

ದೇವವ್ವ ಯಾರಿಗೆ ಹೇಳಿದಳೋ. ಈಗ ಎಲೆ ಅಂಗಡಿಯವನು "ಹಲ್ಲು ಹೆಂಗೈತ್ರಿ?" ಅನ್ನುತ್ತಾನೆ. ಕ್ಷೌರದವನು ಅನ್ನುತ್ತಾನೆ. ದೇವರ ಗುಡಿಯಲ್ಲಿ ಅರ್ಚಕರು ತೀರ್ಥ ಕೊಡುತ್ತ, "ತಣ್ಣಗೈತಿ, ಹಲ್ಲು ಜ್ವಾಕಿ" ಅಂದರು.

ಇಂದು ಮೂರನೆಯ ಸಲ ಬೆಟಗೇರಿಗೆ ಹೋದೆ. ದೇವವ್ವ ಹೊಸ್ತಿಲ ಮೇಲೆ ಅಡ್ಡ ಕುಳಿತಿದ್ದಳು.

"ಅವರು ಮನ್ಯಾಗ ಇಲ್ರೀ ಯಣ್ಣಾ."

ಒಳಗೆ ಮಗ್ಗ ಖಟ್‌ಖಟ್ ಅನ್ನುತ್ತಿತ್ತು. ಮಗ್ಗದ ಕುಣಿಯಿಂದ ಅವನ ಬೋಳುತಲೆ ಕಾಣುತ್ತಿತ್ತು.

"ಹಂಗಾದ್ರ ಮಗ್ಗ ಯಾರು ನೇಯಾಕತ್ತಾರವ್ವಾ?"

"ತಾನ ನೇಯತೈತ್ರಿ. ಸ್ವಾತಂತ್ರ್ಯ ಬಂದಾಗಿಂದ ಹಂಗ."

ಬೋಳುತಲೆ ಅಲುಗಿತು. ನಕ್ಕನೇ? ಕೆಮ್ಮಿದನೇ? ಕಟ್ಟೆಯ ಮೇಲೆ ಒಂದು ತಾಸು ಕುಳಿತೆ. ಮಗ್ಗ ನಿಲ್ಲಲಿಲ್ಲ.

೧೪ ಅಕ್ಟೋಬರ್

ಎಲೈ ಮಹಾಜನ

ಬೇಡ.

೩೦ ಅಕ್ಟೋಬರ್, ಮಂಗಳವಾರ

ನಾಡಿದ್ದು ನಾಡು ಒಂದಾಗುತ್ತದೆ. ಮಾವಿನ ತೋರಣ, ಮೆರವಣಿಗೆ, ದೀಪಾವಳಿಯೂ ಕೂಡಿಯೇ ಬಂದಿದೆ. ನಾಳೆ ಸಂಜೆಯ ಮೊದಲ ಆಟಕ್ಕೆ ನಮ್ಮ ಸಿನೇಮಾ. ಅಂದಪ್ಪನವರು ನನಗೆ ಮುಂದಿನ ಕುರ್ಚಿ ಇಟ್ಟಿದ್ದಾರೆ. ಬಾಜೂಕೆ ಇನ್ನೊಂದು ಕುರ್ಚಿ ಇಡಿರಿ ಎಂದೆ. "ಅವ ಬರೂದಿಲ್ಲಪಾ" ಎಂದರು. ಆದರೂ ಇಡಿರಿ ಎಂದೆ. ಚೀಟಿ ಬರೆದು ದೇವವ್ವನ ಕೈಗೆ ಕೊಟ್ಟು ಬಂದೆ: 'ಹಲ್ಲು ನೋಯುತ್ತಿರಲಿಲ್ಲ. ಬಾ.' ಅವಳಿಗೆ ಓದಲು ಬರುವುದಿಲ್ಲ. ಆದರೂ ಬಹಳ ಹೊತ್ತು ನೋಡಿದಳು.

೩೧ ಅಕ್ಟೋಬರ್, ಬುಧವಾರ

ಈಗಷ್ಟೇ ಮನೆಗೆ ಬಂದೆ. ಇದನ್ನು ಕ್ರಮವಾಗಿ ಬರೆಯಬೇಕು, ಇಲ್ಲವಾದರೆ ನಾಳೆ ನಾನೇ ನಂಬುವುದಿಲ್ಲ.

ಟಾಕೀಸಿನ ಡೇರೆ ತುಂಬಿತ್ತು. ನನ್ನ ಬಾಜೂಕಿನ ಕುರ್ಚಿ ಖಾಲಿ ಇತ್ತು. ಕೂಡ್ರಲು ಬಂದ ಇಬ್ಬರನ್ನು ಎಬ್ಬಿಸಿದೆ. ದೀಪ ಆರಿತು. ಪರದೆಯ ಮೇಲೆ ನಾನು ಬಂದೆ. ಸಿಳ್ಳೆ, ಚಪ್ಪಾಳೆ, ಒಬ್ಬ ಟೊಪ್ಪಿಗೆ ಹಾರಿಸಿದ. ಆಮೇಲೆ ಬಾಯಿಯವರು ಬಂದರು. ಮಂದಿ ಸುಮ್ಮನಾದರು.

ಪರದೆಯ ನಾನು ಗುಡುಗಿದೆ: "ಗಂಟಿನಾಗ ಏನೈತಿ?"

"ಏನೂ ಇಲ್ಲ ಸಾಹೇಬ, ಬಡವಳ ಬುತ್ತಿ."

ಪರದೆಯ ನಾನು ನಿಂತೆ. ನಗೆಗಾಗಿ. ಆಳುದ್ದ ಮೀಸೆ ಇಟ್ಟುಕೊಂಡು, ಮಿಕಮಿಕ ನೋಡುತ್ತ. ಡೇರೆಯಲ್ಲಿ ಯಾರೂ ನಗಲಿಲ್ಲ. ಹಿಂದೆ ಯಾರೋ ಆಕಳಿಸಿದರು. ಕುರ್ಚಿಯ ಕೆಳಗೆ ಹೋಗಿಬಿಡಲೇ ಎಂದುಕೊಂಡೆ. ನೋಡಿ, ಆಗ ಹೆಂಗಸರ ಬದಿಯಿಂದ, ಕತ್ತಲೊಳಗಿಂದ, ಒಂದು ಮುದುಕಿಯ ಧ್ವನಿ:

"ಸುಳ್ಳರೀ ಸಾಹೇಬ್ರ! ನಿಮ್ಮ ಸಂಸ್ಥಾನದಾಗ ಇಲ್ಲದ್ದೈತಿ!"

ಡೇರೆ ಒಡೆಯಿತು! ಕಂಬ ಅಲುಗಿತು! ಸಾವಿರ ಮಂದಿ ಒಮ್ಮೆಲೆ ಹೆಂಗಸರ ಬದಿಗೆ ತಿರುಗಿದರು. ನಗೆ ಇಳಿಯುತ್ತ ಬಂದು ನಿಂತ ಹೊತ್ತಿಗೇ ಪರದೆಯ ನಾನು ಮುಂದಿನ ಮಾತು ಎತ್ತಿದೆ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಕೊಲ್ಹಾಪುರದಲ್ಲಿ ನಾನು ಬೈಸಿಕೊಂಡು ನಿಂತ ಒಂದೊಂದು ನಿಲುಗಡೆಗೂ ಗಾಳೆಪ್ಪನ ಒಂದೊಂದು ಉತ್ತರ ಬಂದು ಕೂತಿತು, ಹೊಲಿಗೆ ಹಾಕಿದಂತೆ. ಆ ಜಾಗ ನಾನು ನಗೆಗಾಗಿ ಬಿಟ್ಟದ್ದು ಅಂದುಕೊಂಡಿದ್ದೆ.

"ಟೊಪ್ಪಿಗಿ ಜ್ವಾಕಿ ಸಾಹೇಬ್ರ, ಒಳಗ ಏನೂ ಇಲ್ಲ, ಗಾಳಿಗೆ ಹಾರೀತು!" ಎಂದಿತು ಕತ್ತಲು. ಇದು ಹಳೆಯದು, ಮೂರನೆಯ ನಾಟಕದ್ದು. "ಅಡ್ಡಗೋಲು ಹಿಡಕೊಂಡ ನಿಂತೀರಲ್ಲ, ಹಲ್ಲು ಹೆಂಗೈತಿ?" ಎಂದಿತು. ಇದು ಹೊಸದು! ಗದಗು ಬೆಟಗೇರಿ ಎರಡೂ ಹೊಟ್ಟೆ ಹಿಡಿದುಕೊಂಡವು. ನಾನೂ ನಕ್ಕೆ. ನನ್ನ ಪಾಲಿನ ಬೈಗುಳಕ್ಕೆ ಇಷ್ಟು ಹಸಿದಿದ್ದೆ ಎಂದು ಗೊತ್ತಿರಲಿಲ್ಲ.

ಕೊನೆಯ ದೃಶ್ಯ ಬಂತು. ಬಾಯಿಯವರು ಹಿಂದಿರುಗಿ ನೋಡದೆ ಹೋದರು. ಪರದೆಯ ನಾನು ಅಡ್ಡಗೋಲು ಮುರಿದು, ಲವಂಗದೆಣ್ಣೆಯ ಕಣ್ಣೀರು ಸುರಿಸುತ್ತ ನಿಂತೆ. ಇಡೀ ಡೇರೆ ಕತ್ತಲ ಕಡೆ ಕಿವಿ ಇಟ್ಟಿತು. ನಾನೂ ಇಟ್ಟೆ.

ಕತ್ತಲೊಳಗಿಂದ ಸಣ್ಣಗೆ, ಉಡಚವ್ವನ ಧ್ವನಿಯಲ್ಲಲ್ಲ, ಅವನದೇ ಧ್ವನಿಯಲ್ಲಿ:

"ಕೈ ತೊಳಕೋ ಅಂದಿದ್ನೆಲ್ಲಲೇ."

ಯಾರಿಗೂ ತಿಳಿಯಲಿಲ್ಲ. ಯಾರೂ ನಗಲಿಲ್ಲ.

ದೀಪ ಹತ್ತಿದ ಕೂಡಲೇ ಓಡಿದೆ. ನೀಲಗಂಗವ್ವನ ಬಾಜೂಕೆ ನೆಲದ ಮೇಲೆ ಶೇಂಗಾ ಸಿಪ್ಪೆಯ ಗುಡ್ಡ ಮಾತ್ರ ಇತ್ತು.

"ಎಲ್ಲಿ ಅವ?"

"ಹೋದ್ರು. ಹಸರ ಇಳಕಲ್ಲ ಸೀರಿ, ಮಾರಿ ತುಂಬ ಸೆರಗು. ಆಟ ಮುಗೂತನಕ ಶೇಂಗಾ ಕೊಟ್ರು."

"ನೀ ಯಾಕ ಹೇಳಲಿಲ್ಲ?"

"ನೀವು ಸಿನೇಮಾದ್ದ ಅವರಿಗೆ ಹೇಳಿದ್ರೇನು?"

ಬೆಟಗೇರಿಗೆ ಓಡಲೇ ಎಂದೆ. "ಮನ್ಯಾಗ ಇರೂದಿಲ್ಲ ಬಿಡ್ರಿ, ಮಗ್ಗ ತಾನ ನೇಯತಿರತೈತಿ" ಎಂದಳು. ಸ್ವಲ್ಪ ದೂರ ನಡೆದ ಮೇಲೆ, ಯಾರಿಗೋ ಹೇಳಿದಂತೆ ಅಂದಳು: "ನಾಳೆ ಗುರುವಾರ ಅಲ್ಲೇನು? ಹಬ್ಬದ ಬಾಜಾರ. ದೊಡ್ಡ ಗಂಟ ಕಟ್ಟೇನಿ ಅಂತಿದ್ರು."

ಹಿತ್ತಲಿಗೆ ಹೋಗಿ ಬಂದೆ. ಏಳು ತಿಂಗಳಿಂದ ಬಟ್ಟೆ ಒಣಹಾಕುವ ಗಳವಾಗಿದ್ದ ನಮ್ಮ ಅಡ್ಡಗೋಲಿನ ಮೇಲಿಂದ ಅವಳ ಎರಡು ಸೀರೆ, ನನ್ನ ಒಂದು ಧೋತ್ರ ತೆಗೆದೆ. ಪಟ್ಟೆಯ ಬಣ್ಣ ಮಾಸಿದೆ, ಮರ ಗಟ್ಟಿಯಿದೆ. ಖಾಕಿ ಕೋಟಿಗೆ ಎರಡು ಗುಂಡಿ ಇಲ್ಲ. ನೀಲಗಂಗವ್ವ ಕೇಳದೆಯೇ ಸೂಜಿ ಪೋಣಿಸಿ ಕುಳಿತಿದ್ದಾಳೆ. ಅಲ್ಲಾಉದ್ದೀನ ತನ್ನ ಸೈಕಲ್ಲು ಕೊಟ್ಟಿದ್ದಾನೆ. ಏತಕ್ಕೆ ಎಂದು ಕೇಳಲಿಲ್ಲ, "ಹಲ್ಲು ತೋರಿಸಾಕೇನ್ರಿ?" ಎಂದಷ್ಟೇ ಅಂದ.

ನಾಳೆ ಮುಂಜಾನೆ ಗದಗಿನಲ್ಲಿ ಬಾವುಟ ಏರುತ್ತದೆ, ಎಲ್ಲ ಗಡಿಗಳೂ ಅಳಿದುಹೋದವು ಎಂದು 'ಜೈ' ಅನ್ನುತ್ತಾರೆ. ನಾನು ಅಲ್ಲಿರುವುದಿಲ್ಲ. ನಸುಕಿನಲ್ಲೇ ಸೈಕಲ್ಲಿಗೆ ಅಡ್ಡಗೋಲು ಕಟ್ಟಿಕೊಂಡು, ಶಿರಹಟ್ಟಿ ದಾರಿಯ ಹರ್ತಿ ದಾಟಿ, ಸಾಂಗ್ಲಿಯವರ ಹಳೆಯ ನಾಕಾದ ಕಟ್ಟೆ ಇನ್ನೂ ನಿಂತಿರುವಲ್ಲಿಗೆ ಹೋಗುತ್ತೇನೆ. ರಸ್ತೆಗೆ ಅಡ್ಡಗೋಲು ಇಳಿಸುತ್ತೇನೆ. ಶಿರಹಟ್ಟಿಯ ಮೊದಲ ಮೋಟಾರು ನಿಲ್ಲುತ್ತದೆ. ಡ್ರೈವರ ಬೈಯುತ್ತಾನೆ, ಬೈಯಲಿ. ಮಂದಿ ಕಿಟಕಿಯಿಂದ ತಲೆ ಹಾಕುತ್ತಾರೆ, ಹಾಕಲಿ. ಗಂಟಿನವನನ್ನು ಕೆಳಗಿಳಿಸಿ, ಎದುರು ನಿಂತು, ಹರ್ತಿಯ ಎತ್ತುಗಳೆಲ್ಲ ಬೆದರುವಂತೆ ಗುಡುಗಿ ಕೇಳುತ್ತೇನೆ, ಒಳಗೆ ಏನಿದೆ ಎಂದು.

ಆಮೇಲೆ ಮೀಸೆ ಬಿಟ್ಟು, ಕೈ ಕಟ್ಟಿ, ಅವನು ಉತ್ತರ ಕೊಡುವ ತನಕ ನಿಲ್ಲುತ್ತೇನೆ.